ಕುದುರೆಗೆ ಎರಡು ಪುಟ

ಕೊನೆಯ ಸಾಲು ಮುಗಿದಾಗ ಬಸ್ಸು ಇನ್ನೂ ಕಾಮಗೆರೆಯನ್ನೇ ದಾಟಿರಲಿಲ್ಲ. ಇಷ್ಟೇನಾ ಎಂದು ರುದ್ರಸ್ವಾಮಿ ಹಾಳೆ ತಿರುವಿದ. ಹಿಂದೆ ಏನೂ ಅಚ್ಚಾಗದ ಒಂದು ಹಾಳೆ, ಅದರ ಹಿಂದೆ ರಟ್ಟು. ಖಾಲಿ ಹಾಳೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದ; ಎರಡು ಹಾಳೆ ಅಂಟಿಕೊಂಡಿರಬಹುದು, ನಡುವೆ ಇನ್ನೊಂದು ಅಧ್ಯಾಯ ಸಿಕ್ಕಿಕೊಂಡಿರಬಹುದು. ಒಂದೇ ಹಾಳೆ. ಒಂಬತ್ತು ಸಂಪುಟ, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ಎರಡು ವರ್ಷಕ್ಕೂ ಮೇಲೆ ಅವನ ತಲೆಯೊಳಗೆ ಸಂಸಾರ ಹೂಡಿದ್ದ ಮಂಜುಕೋಟೆ, ಅದರ ಸುತ್ತಿನ ಏಳು ಹೊಳೆ, ಸತ್ತವರ ದನಿಯಲ್ಲಿ ಮಾತಾಡುವ ಕಾಗೆಗಳು, ಹಿಮದಲ್ಲಿ ನಡೆದೇ ಕರಗಿಹೋದ ಸೈನ್ಯ, ಎಲ್ಲ ಸೇರಿ ಕಟ್ಟಕಡೆಗೆ ಏನಾಯಿತೆಂದರೆ, ಕಡವಿನಲ್ಲಿ ದೋಣಿಯ ಹುಟ್ಟು ಹಾಕುತ್ತಿದ್ದ ಅನಾಥ ಹುಡುಗ ಸತ್ತ ರಾಜನ ಮಗನಂತೆ. ಹೆಗಲ ಮೇಲೆ ನಕ್ಷತ್ರದಂಥ ಮಚ್ಚೆ ಇತ್ತಂತೆ. ಹೊಳೆಯಲ್ಲಿ ಮುಳುಗಿ ಎದ್ದಾಗ, ಚಾಟಿಯ ಏಟಿಗೆ ಅಂಗಿ ಹರಿದಾಗ, ಅದೇ ಹೆಗಲಿಗೆ ನೆಟ್ಟ ಬಾಣವನ್ನು ಸೈನ್ಯದ ವೈದ್ಯ ಕಿತ್ತಾಗ ಯಾರ ಕಣ್ಣಿಗೂ ಬೀಳದ ಮಚ್ಚೆ, ಪಟ್ಟಕ್ಕೆ ಕೂರಿಸುವ ದಿವಸ ಬೆಳಗ್ಗೆ ಬಚ್ಚಲಮನೆಯಲ್ಲಿ ಕಾಣಿಸಿಕೊಂಡಿತಂತೆ. “ಥೂ” ಎಂದ. ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಪಕ್ಕದಲ್ಲಿ ಮಡಿಲಲ್ಲಿ ಹುಣಿಸೆಹಣ್ಣಿನ ಗಂಟು ಇಟ್ಟುಕೊಂಡು ಕೂತಿದ್ದ ಹೆಂಗಸು ತಿರುಗಿದಳು. “ಯಾರ್ಗಪ್ಪ ಉಗೀತಿರದು?”

“ನಿಮ್ಗಲ್ಲ ಕಣವ್ವ. ಈ ಪುಸ್ತಕಕ್ಕ.”

“ಪುಸ್ತಕಕ್ಕ ಉಗೀಬಾರ್ದು ಕೂಸು. ಸರಸೋತಿ.”

ಸರಸ್ವತಿಗೆ ಉಗಿದದ್ದಲ್ಲ, ಬರೆದವನಿಗೆ ಎಂದು ಹೇಳಬೇಕೆನಿಸಿತು. ಬರೆದವನು ಯಾವುದೋ ದೇಶದಲ್ಲಿ ಯಾವುದೋ ಕಿಟಕಿಯ ಪಕ್ಕ ಕೂತಿರುತ್ತಾನೆ. ಹನೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬನ ಹೊಟ್ಟೆಯೊಳಗೆ ಕೈ ಹಾಕಿ ತಿರುಚಿದ್ದೇನೆ ಎಂಬ ಸುದ್ದಿ ಅವನಿಗೆ ಮುಟ್ಟುವುದಿಲ್ಲ. ಪುಸ್ತಕವನ್ನು ಕಿಟಕಿಯಿಂದ ಎಸೆದುಬಿಡೋಣ ಎಂದರೆ ಅದು ಓದಲು ಕೊಟ್ಟ ಹರ್ಷವರ್ಧನ ಸಾರ್ ಅವರದು. ರಟ್ಟಿನ ಮೇಲೆ ಅವರೇ ಅಚ್ಚುಕಟ್ಟಾಗಿ ನ್ಯೂಸ್‌ಪೇಪರ್ ಹೊದಿಸಿದ್ದರು. ಆ ಹೊದಿಕೆಯ ಕೆಳಗೆ ಮುಚ್ಚಿಹೋಗಿದ್ದ ಹೆಸರು ಈಗ ನೆನಪಾಗಿ ಮೈ ಉರಿಯಿತು: ‘ಮಂಜುಕೋಟೆಯ ವಾರಸುದಾರರು’. ಹೆಸರಿನಲ್ಲೇ ಹೇಳಿಬಿಟ್ಟಿದ್ದ ಕಳ್ಳ. ವಾರಸುದಾರರಂತೆ. ಎಡಗಡೆ, ಕಬ್ಬಿನ ಗದ್ದೆಗಳ ಆಚೆ, ಬಿಳಿಗಿರಿರಂಗನ ಬೆಟ್ಟದ ಸಾಲು ಅರ್ಧ ಮೋಡದಲ್ಲಿತ್ತು. ಎರಡು ವರ್ಷ ಅದನ್ನು ಅವನು ಮಂಜುಕೋಟೆಯ ಹಿಂಗೋಡೆ ಎಂದೇ ನೋಡಿದ್ದ. ಗುಂಡಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತು ಲಾಳಿ ಎಸೆಯುವಾಗ ಆ ಗೋಡೆಯ ಕಾವಲಿನವರ ಹೆಜ್ಜೆ ಕೇಳುತ್ತಿತ್ತು. ಈಗ ಅಲ್ಲಿ ಬೆಟ್ಟ ಇತ್ತು, ಅಷ್ಟೆ. ಫಾರೆಸ್ಟಿನವರ ಗೇಟು, ಗೇಟಿನ ಮುಂದೆ ಕಾರುಗಳ ಸಾಲು. ಯಾರೋ ಅವನ ಮನೆಗೆ ಬಂದು ಅವನ ಎದುರೇ ಸಾಮಾನು ಹೊತ್ತುಕೊಂಡು ಹೋದ ಹಾಗೆ.

ಅಕ್ಕನ ಮನೆಗೆ ಎರಡು ದಿವಸಕ್ಕೆಂದು ಹೋದವನು ಹಜಾರದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಓದುತ್ತ ಬಿದ್ದಿದ್ದ. “ನಿನ್ ಮೊಖಾನೇ ಕಂಡಿಲ್ವಲ್ಲೋ, ಬರೀ ಪುಸ್ತಕದ ಬೆನ್ನ ನೋಡದಾಯ್ತು” ಎಂದು ಅಕ್ಕ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅಂದಿದ್ದಳು. ನಗುತ್ತಲೇ ಅಂದಳು, ಆದರೆ ಕಣ್ಣು ನಗಲಿಲ್ಲ. ಅವಳು ಏನೋ ಹೇಳಬೇಕೆಂದಿದ್ದಳು, ಎರಡು ದಿವಸವೂ ಹತ್ತಿರ ಬಂದು ಬಂದು ಹೋಗಿದ್ದಳು, ಈಗ ಅನ್ನಿಸಿತು. ಯಾರಿಗೋಸ್ಕರ ಅಕ್ಕನನ್ನು ಆ ಥರ ನಿಲ್ಲಿಸಿದೆ? ಒಬ್ಬ ರಾಜನ ಮಗನಿಗೋಸ್ಕರ. ಮೊದಲ ಸಂಪುಟದಲ್ಲಿ ಆ ಹುಡುಗ, ಪುಸ್ತಕದಲ್ಲಿ ಅವನ ಹೆಸರು ಆರ್ಮಿಲ್, ಸುಂಕದ ದಳಪತಿಯ ಎದುರು ಹುಟ್ಟು ಹಿಡಿದು ನಿಂತು, “ನಾನು ಯಾರ ಮಗನೂ ಅಲ್ಲ, ಅದಕ್ಕೇ ಯಾರಿಗೂ ಬಾಗುವುದಿಲ್ಲ” ಎನ್ನುತ್ತಾನೆ. ಆ ಒಂದು ಮಾತನ್ನು ರುದ್ರಸ್ವಾಮಿ ಎಷ್ಟು ಕಡೆ ಹೊತ್ತುಕೊಂಡು ತಿರುಗಿದ್ದ! ಸೀರೆ ತಿರುಗಾಮುರುಗಾ ಮಾಡಿ ಮೂಗು ಮುರಿಯುವ ವ್ಯಾಪಾರಿಯ ಮುಂದೆ, ಮುಗಿಸದ ಒಂಬತ್ತನೇ ಕ್ಲಾಸಿನ ಬಗ್ಗೆ ಯಾರಾದರೂ ಕೇಳಿದಾಗ, ಬಾಯಿ ಬಿಡದೆ, ಒಳಗೊಳಗೇ. ಈಗ ಆ ಮಾತೇ ಸುಳ್ಳು. ಬಾಗದಿದ್ದದ್ದು ಯಾರ ಮಗನೂ ಅಲ್ಲದ್ದಕ್ಕಲ್ಲ, ರಾಜನ ಮಗನಾದ್ದಕ್ಕೆ. ರಕ್ತ ತಾನೇ ಬಾಗಲಿಲ್ಲ. ಹಾಗಾದರೆ ಬೇರೆಯವರೆಲ್ಲ ಬಾಗಬೇಕು ಎಂದಾಯಿತಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಪಾಠದ ಕಥೆಯ ಸಾರಾಂಶ ಬರೆಯಿರಿ ಎಂದಿದ್ದಕ್ಕೆ ಅವನು ಕೊನೆಯನ್ನು ಬೇರೆ ಮಾಡಿ ಬರೆದಿದ್ದ. ಪಾಠದಲ್ಲಿ ಆಳು ದಣಿಯ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತಾನೆ. ಇವನ ಸಾರಾಂಶದಲ್ಲಿ ಆಳು ಬಾಗಿಲು ಹಾಕಿಕೊಂಡು ಹೋಗಿಬಿಟ್ಟಿದ್ದ. ಮೇಷ್ಟ್ರು ಅದನ್ನು ಜೋರಾಗಿ ಓದಿಸಿದರು. “ಎಲ್ಲಪ್ಪಾ ಇದೆ ಇದು? ಪುಸ್ತಕದಲ್ಲಿದೆಯಾ? ತೋರಿಸು, ಯಾವ ಪುಟ?” ನಲವತ್ತು ಜನ ನಕ್ಕರು. ಅವನು ಪುಸ್ತಕ ಬೆಂಚಿನ ಮೇಲಿಟ್ಟು ಎದ್ದು ಹೊರಗೆ ನಡೆದ. ಮಾರನೆಯ ದಿನ ಹೋಗಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಹೋಗದೇ ಇದ್ದದ್ದು ಅವಮಾನವಾಗಿರಲಿಲ್ಲ. ಯಾರೂ ಬಂದು ಕರೆಯಲಿಲ್ಲವಲ್ಲ, ಅದು. ಗೇಟಿನ ಹೊರಗೆ ಕಡಲೇಕಾಯಿ ಮಾರುತ್ತಿದ್ದ ಮುದುಕಿ ಮಾತ್ರ ಬೀದಿಯಲ್ಲಿ ಸಿಕ್ಕಾಗ “ಯಾಕ್ಲಾ ಕಾಣ್ನಿಲ್ಲ?” ಎಂದಿದ್ದಳು. ಅವಳ ಹೆಸರು ಚನ್ನಮಲ್ಲಮ್ಮ.

ಕೊಳ್ಳೇಗಾಲದಲ್ಲಿ ಇಳಿದಾಗ ಬಿಸಿಲು ಏರಿತ್ತು. ಇವತ್ತು ಅವನು ನೇಯುವ ಪುಟ್ಟಮಲ್ಲಪ್ಪನ ಶೆಡ್ಡಿನಲ್ಲಿ ಕೆಚ್ಚುವ ದಿನ, ಕೊನೆಯನ್ನು ಓದಿ ಹೇಳುತ್ತೇನೆಂದು ಎಲ್ಲರಿಗೂ ಮಾತು ಕೊಟ್ಟಾಗಿತ್ತು. ಅಲ್ಲಿ ಹಾಸು ಮುಗಿದರೆ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ರೇಷ್ಮೆ ಎಳೆಗಳೆಲ್ಲ ನೇಯ್ದು ಮುಗಿದರೆ, ತುದಿಯನ್ನು ಮಗ್ಗದಿಂದ ಪೂರ್ತಿ ಎಳೆದುಬಿಡುವುದಿಲ್ಲ. ಎಳೆಗಳು ತೂರುವ ಬಾಚಣಿಗೆಯಂಥ ಅಚ್ಚಿನ ಸಂದುಗಳಲ್ಲಿ ಒಂದು ಗೇಣು ಉಳಿಸುತ್ತಾರೆ. ಹಳೆಯದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಅದೇ ಕೆಚ್ಚುವುದು. ಆ ಮಗ್ಗ ಅವತ್ತು ಸದ್ದು ಮಾಡುವುದಿಲ್ಲ, ನೇಯುವವನಿಗೆ ಕೈಗೆ ಕೆಲಸವಿಲ್ಲ. ಅದಕ್ಕೇ ಕೆಚ್ಚುವ ದಿನ ನೇಯುವವನು ಏನಾದರೂ ಹೇಳಬೇಕು. ಹಾಡು, ಬೀದಿಯ ಸುದ್ದಿ, ಯಾರ ಮನೆಯ ಜಗಳವಾದರೂ ಸರಿ, ಕೆಚ್ಚುವವರ ಕಿವಿ ಖಾಲಿ ಇರಬಾರದು. ರುದ್ರಸ್ವಾಮಿ ಪುಸ್ತಕ ತಂದ. ಇಷ್ಟು ಓದಿ, ಇಷ್ಟು ಬಾಯಲ್ಲಿ ಹೇಳಿ, ಒಂದು ಹಾಸಿನಿಂದ ಇನ್ನೊಂದಕ್ಕೆ ಎಂಟು ಸಂಪುಟವನ್ನೂ ಒಂಬತ್ತನೆಯದರ ಕೊನೆಯಷ್ಟು ಬಿಟ್ಟು ಉಳಿದದ್ದನ್ನೂ ದಾಟಿಸಿದ್ದ. ಆರ್ಮಿಲ್ ಎಂಬ ಹೆಸರು ಮೊದಲ ದಿನವೇ ಅವರ ಬಾಯಲ್ಲಿ ಆರ್ಮುಗ ಆಯಿತು. ಅದೇ ನಿಂತಿತು.

ಎರಡನೇ ಸಂಪುಟದಲ್ಲಿ ಆರ್ಮುಗನನ್ನು ಸಾಕಿದ ದೋಣಿಯ ಮುದುಕಿ ಬಂದಾಗ, ಕೆಚ್ಚುತ್ತಿದ್ದ ಪುಟ್ಟಬಸಮ್ಮ ಕೈ ನಿಲ್ಲಿಸದೆಯೇ, “ಅವ್ಳ ಎಸ್ರೇನ್ಲಾ?” ಎಂದಿದ್ದಳು. ಪುಸ್ತಕದಲ್ಲಿ ಅವಳಿಗೆ ಹೆಸರಿರಲಿಲ್ಲ. ‘ದೋಣಿಯ ಮುದುಕಿ’ ಅಷ್ಟೆ; ರಾಜನ ಬೇಟೆನಾಯಿಗಳಿಗೂ ಹೆಸರಿತ್ತು. “ಚನ್ನಮಲ್ಲಮ್ಮ” ಎಂದುಬಿಟ್ಟ. “ಅದೇ ಅನ್ಕಂಡಿ. ನನ್ನಂಗೇ ಅವ್ಳು, ಆ ದಡಕ್ಕೂ ಈ ದಡಕ್ಕೂ ಕೂಡ್ಸೋ ಕೆಲ್ಸ” ಎಂದಳು ಪುಟ್ಟಬಸಮ್ಮ. ಮೂರನೇ ಸಂಪುಟದಲ್ಲಿ ಮುದುಕಿ ಸತ್ತಳು. ಆ ವಾರ ಪುಟ್ಟಬಸಮ್ಮನ ತಂಗಿ ಒಡೆಯರಪಾಳ್ಯದ ಹತ್ತಿರದ ಊರಿನಲ್ಲಿ ತೀರಿಕೊಂಡು, ಅವಳು ಮಣ್ಣು ಮುಗಿಸಿ ನೇರ ಕೆಲಸಕ್ಕೆ ಬಂದು ಕೂತಿದ್ದಳು. ರುದ್ರಸ್ವಾಮಿಯ ಕಣ್ಣು ಆ ಸಾಲಿನ ಮೇಲಿತ್ತು, ಬಾಯಿ ದಾಟಿಕೊಂಡು ಹೋಯಿತು. ಕರುಣೆಯಿಂದ ಎಂದು ಅವನು ತನಗೆ ಹೇಳಿಕೊಂಡಿದ್ದ. ಆಮೇಲೆ ಪ್ರತಿ ಸಂಪುಟದಲ್ಲೂ ಅವಳಿಗೊಂದು ಕೆಲಸ ಹುಡುಕಬೇಕಾಯಿತು. ಹಿಮದಲ್ಲಿ ಸೈನ್ಯ ಸಾಯುವಾಗ ಚನ್ನಮಲ್ಲಮ್ಮ ಕೆಳದಂಡೆಯಲ್ಲಿ ಗಾಯಗೊಂಡವರನ್ನು ದಾಟಿಸುತ್ತಿದ್ದಳು. ಕಾಗೆಗಳು ಊರಿಗೆ ಊರೇ ಹೆದರಿಸುವಾಗ ಅವಳು ಅವಕ್ಕೆ ರಾಗಿಮುದ್ದೆಯ ಚೂರು ಎಸೆದು ಬಾಯಿ ಮುಚ್ಚಿಸಿದಳು. ಶೆಡ್ಡು ನಗುತ್ತಿತ್ತು. ಅವನಿಗೆ ಒಳಗೊಳಗೇ ಭಯ; ಕೆಚ್ಚುವಾಗ ಒಂದು ಎಳೆ ತಪ್ಪು ಎಳೆಗೆ ಕೂಡಿಕೊಂಡರೆ ಹಾಸಿನ ಉದ್ದಕ್ಕೂ ಅದು ಹಾಗೇ ಓಡುತ್ತದೆ, ನೇಯುವವನು ಪ್ರತಿ ಸೀರೆಯಲ್ಲೂ ಅದನ್ನು ನೋಡಿಕೊಂಡೇ ನೇಯಬೇಕು.

ಶೆಡ್ಡಿನ ಮುಂದೆ ಹರ್ಷವರ್ಧನ ಸಾರ್ ಅವರ ಸ್ಕೂಟರ್ ನಿಂತಿತ್ತು. ಅವರು ಪುಟ್ಟಮಲ್ಲಪ್ಪನ ತಂಗಿಯ ಮಗ, ಯಳಂದೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಒಂಬತ್ತೂ ಸಂಪುಟ ಕೊಟ್ಟವರು ಅವರೇ, ಒಂದೊಂದಾಗಿ, ಪ್ರತಿ ಸಲವೂ ಹಿಂದಿನದರ ಹಾಳೆ ತಿರುವಿ ಕಲೆ ಹುಡುಕಿದ ಮೇಲೆ. ಕೊಟ್ಟರಲ್ಲ, ಇನ್ಯಾರು ಕೊಟ್ಟಿದ್ದರು, ಎಂದು ರುದ್ರಸ್ವಾಮಿ ಹಲ್ಲು ಕಚ್ಚಿ ನೆನೆಸಿಕೊಳ್ಳುತ್ತಿದ್ದ. ಒಳಗೆ ಉಳಿದ ಎರಡು ಮಗ್ಗಗಳಿಗೂ ಇವತ್ತು ರಜ. ಮೂರನೆಯದರ ಹಿಂದೆ ಪುಟ್ಟಬಸಮ್ಮ ಕಾಲು ಚಾಚಿ ಕೂತು ಹೊಸೆಯುತ್ತಿದ್ದಳು. ಎದುರಿಗೆ ರತ್ನ ಎಳೆಗಳನ್ನು ಬಿಡಿಸಿ ಬಿಡಿಸಿ ಕೊಡುತ್ತಿದ್ದಳು. ಅರ್ಧಕ್ಕೂ ಹೆಚ್ಚು ಆಗಿತ್ತು.

“ಬಂದ ನೋಡಿ ನಮ್ಮ ಓದುಗ ಮಹಾಶಯ!” ಎಂದರು ಹರ್ಷವರ್ಧನ, ಕುರ್ಚಿಯಿಂದ ಏಳದೆ, ಆದರೆ ನಿಜವಾಗಿ ಖುಷಿಯಾಗಿ. “ಮುಗಿಸಿದ್ಯಾ? ಹೇಗಿತ್ತು ಕೊನೆ?”

“ಚೆನ್ನಾಗಿಲ್ಲ ಸಾ.”

“ಚೆನ್ನಾಗಿಲ್ವಾ? ಅಲ್ಲಯ್ಯ, ಎಷ್ಟು ಅದ್ಭುತವಾಗಿ ಎಲ್ಲಾ ಕೂಡಿಸಿದಾನೆ. ಮೊದಲನೇ ಪುಟದಲ್ಲೇ ನಕ್ಷತ್ರದ ಮಾತಿತ್ತು, ಗಮನಿಸಿದ್ಯಾ?”

“ಅಂವ ಯಾರ ಮಗ್ನೂ ಅಲ್ಲ ಅಂತಾನೆ ತಾನೆ ಸಾ ನಾವು ಅಂವನ ಹಿಂದ ಓಗಿದ್ದು? ರಾಜನ ರಕ್ತ ಇಲ್ದಿದ್ರೆ ಧೈರ್ಯ ಬರಲ್ವಾ?”

“ಆ ಥರದ ಕಥೆಗಳ ಜಾಯಮಾನವೇ ಹಾಗೆ ಕಣೋ. ನೀನು ತೀರಾ ಮನಸ್ಸಿಗೆ ಹಚ್ಕೋಬಾರ್ದು.” ಅವರು ಫೋನು ತೆಗೆದು ಏನೋ ಹುಡುಕಿದರು. “ಇರ್ಲಿ, ನಾನು ಬಂದದ್ದು ಅದಕ್ಕೇ. ಭಾನುವಾರ ಯಳಂದೂರಲ್ಲಿ ನಮ್ಮ ಓದುಗರ ಬಳಗ ಈ ಮಾಲಿಕೆ ಮೇಲೆ ಮಾತಾಡ್ತಾ ಇದೆ. ನಾನೇ ಮುಖ್ಯ ಭಾಷಣ. ನೀನೂ ಬಾ. ಸ್ಟೇಜ್ ಮೇಲೆ ಎರಡು ನಿಮಿಷ. ಮಗ್ಗದ ಗುಂಡೀಲಿ ಕೂತು ಒಂಬತ್ತು ಸಂಪುಟ ಓದಿದ ಹುಡುಗ ಅಂತ ನಾನು ಪರಿಚಯ ಮಾಡ್ತೀನಿ. ಗ್ರೂಪಲ್ಲಿ ಆಗ್ಲೇ ಹಾಕಿದೀನಿ, ಎಲ್ಲರೂ ಎಷ್ಟು ಇಷ್ಟಪಟ್ಟಿದಾರೆ ನೋಡು.”

ಫೋನಿನ ಮೇಲೆ ರುದ್ರಸ್ವಾಮಿಯ ಫೋಟೋ ಇತ್ತು. ಯಾವಾಗ ತೆಗೆದರೋ, ಗುಂಡಿಯಲ್ಲಿ ಕೂತು, ಬನಿಯನ್ನಿನಲ್ಲಿ, ಬಾಯಿ ಸ್ವಲ್ಪ ತೆರೆದುಕೊಂಡು ಪುಸ್ತಕದ ಮೇಲೆ ಬಾಗಿದ್ದ. ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ತಾನು ಒಬ್ಬನೇ ಇದ್ದೆನೆಂದುಕೊಂಡಿದ್ದ ಜಾಗದಲ್ಲಿ, ಮಂಜುಕೋಟೆಯ ಒಳಗೆ, ಯಾರೋ ಕಿಂಡಿಯಿಂದ ನೋಡುತ್ತ ನಿಂತಿದ್ದರು ಎನ್ನುವ ಹಾಗಾಯಿತು. ಆದರೂ ಸುಳ್ಳೇಕೆ, ಒಂದು ಕ್ಷಣ ಅವನು ಆ ಸ್ಟೇಜಿನ ಮೇಲೆ ನಿಂತೂಬಿಟ್ಟ; ಮೈಕು ಹಿಡಿದೂಬಿಟ್ಟ.

“ಅದೆಲ್ಲ ಆಮೇಲ ಮಾಡ್ಕಳಿ ಮೇಷ್ಟ್ರೆ,” ಎಂದಳು ರತ್ನ, ಎಳೆ ಬಿಡಿಸುತ್ತಲೇ. “ರುದ್ರಣ್ಣ, ಎರಡ್ ದಿನ ಕಾದೀವಿ. ಮೊಕ ಯಾಕ ಅಂಗ್ ಊದ್ಕಂಡದ, ಅಕ್ಕ ಮುದ್ದ ಆಕ್ನಿಲ್ವಾ? ಕುಂತ್ಕ, ಓದು. ಮೊದ್ಲು ಚನ್ನಮಲ್ಲಮ್ಮ ಏನಾದ್ಲು ಅದ ಯೋಳು.”

“ಚನ್ನಮಲ್ಲಮ್ಮನಾ?” ಹರ್ಷವರ್ಧನ ನಕ್ಕರು. “ಅದ್ಯಾರು?”

“ನೀವೂ ಓದಿದ್ದೀರಲ್ಲ ಮೇಷ್ಟ್ರೆ. ಆರ್ಮುಗುನ್ನ ಸಾಕ್ದೋಳು. ದೋಣಿಯೋಳು,” ಎಂದಳು ರತ್ನ.

“ಓ, ಆ ಮುದುಕಿ! ಅವಳಿಗೆ ಹೆಸರೆಲ್ಲಿದೆ ಪುಸ್ತಕದಲ್ಲಿ? ಅಲ್ಲದೆ ಅವಳು ಮೂರನೇ ಸಂಪುಟದಲ್ಲೇ ಸತ್ತುಹೋದಳಲ್ಲ.”

ಪುಟ್ಟಬಸಮ್ಮನ ಕೈ ನಿಂತಿತು. ಕೆಚ್ಚುವಾಗ ಆ ಕೈ ಎಳೆಯ ನಡುವೆ ನಿಂತದ್ದನ್ನು ರುದ್ರಸ್ವಾಮಿ ಒಮ್ಮೆಯೂ ಕಂಡಿರಲಿಲ್ಲ. ಸೀನು ಬಂದರೂ ಹೊಸೆದು ಮುಗಿಸಿ ಸೀನುತ್ತಿದ್ದಳು. ಅವಳ ಬೆರಳ ತುದಿಯಲ್ಲಿ ಎರಡು ಎಳೆ, ಹಳೆಯದೊಂದು ಹೊಸದೊಂದು, ಕೂಡದೆ ಹಾಗೇ ನಿಂತವು. ಸಾರ್, ನೀವು ಮರೆತಿದ್ದೀರ, ಎಂದುಬಿಡಬಹುದಿತ್ತು. ನಾಲಿಗೆಯ ಮೇಲೇ ಇತ್ತು. ಮೂರನೇ ಸಂಪುಟ ಇಲ್ಲಿ ಯಾರ ಹತ್ತಿರವೂ ಇಲ್ಲ. ಎಲ್ಲರೂ ಮೇಷ್ಟರನ್ನು ಬಿಟ್ಟು ಇವನನ್ನೇ ನಂಬುತ್ತಾರೆ, ಅದೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಬಾಯಿ ಬರಲಿಲ್ಲ.

“ನಿಜ್ವೇನ್ಲಾ?” ಪುಟ್ಟಬಸಮ್ಮ ಕೇಳಿದಳು.

“ನಿಜ ಕಣವ್ವ.”

“ಯಾವಾಗ್ಲೇ ಸತ್ತೋಗಿದ್ಲಾ?”

“ಊಂ.”

“ಮೂರ್ನೇ ಪುಸ್ತಕ ಅಂದ್ರ... ನನ್ ತಂಗಿ ಓದ ವಾರ ಅಲ್ವಾ ನೀನು ಅದ ಓದಿದ್ದು?” ಅವಳು ದನಿ ಏರಿಸಲಿಲ್ಲ. “ಅದ್ಕೇ ಮುಚ್ಕಂಡ. ಮುದ್ಕಿ ತಡ್ಕಳಲ್ಲ ಅಂತ. ನನ್ ಕೈಲೇ ಮಣ್ಣ್ ಆಕ್ಬುಟ್ ಬಂದು ಇಲ್ಲಿ ಕುಂತು ಕೆಚ್ಚಿವ್ನಿ ಕಣ್ಲಾ ನಾನು ಅವತ್ತು. ನಾನೇನ್ ಕೂಸಾ ನಿಂಗ? ಇಷ್ಟ್ ದಿನ ಸತ್ತೋಳ ಕಥ ಕೇಳ್ಕಂಡ್ ನಗ್ತಾ ಕುಂತಿದ್ನಲ್ಲ, ನನ್ ನೋಡಿ ನೀನೆಷ್ಟ್ ನಕ್ಕಂಡ್ಯೋ.”

“ನಕ್ನಿಲ್ಲ ಕಣವ್ವ, ಆಣೆ.”

ನಗಲಿಲ್ಲ, ಸರಿ. ಆದರೆ ಹೊದಿಸಿದ್ದ. ಹರ್ಷವರ್ಧನ ಸಾರ್ ಪುಸ್ತಕಕ್ಕೆ ಹೊದಿಸುವ ಹಾಗೆ, ಕಲೆಯಾಗದಿರಲಿ ಎಂದು, ಇವಳಿಗೆ ಹೊದಿಸಿ ಎತ್ತಿಟ್ಟಿದ್ದ. ಫೋನಿನೊಳಗೆ ಬಾಯಿ ತೆರೆದುಕೊಂಡು ಕೂತವನಿಗೂ ಇಲ್ಲಿ ಎಳೆ ಹಿಡಿದು ಕೂತವಳಿಗೂ ಏನು ವ್ಯತ್ಯಾಸ? ಅವನನ್ನು ಸಾರ್ ಅಳೆದಿದ್ದರು, ಇವಳನ್ನು ತಾನು, ಇಬ್ಬರಿಗೂ ಹೇಳದೆ. ಕ್ಷಮಿಸು ಎನ್ನುವುದಕ್ಕೆ ಬಾಯಿ ತೆರೆದರೆ ಬಂದದ್ದು ಸಿಟ್ಟು.

“ಕರುಣೆಗ ಅಲ್ಲ ಕಣವ್ವ ನಾನ್ ಅವ್ಳ ಉಳಿಸ್ಕಂಡದ್ದು. ಅಂಗಂತ ನಾನೇ ನಂಬ್ಕಂಡಿದ್ದಿ. ಒಟ್ಟೆ ಉರೀತು, ಅದ್ಕ.”

“ಎಂಗ್ ಸತ್ಲು? ಅದ ಓದು.”

“ಪುಸ್ತಕ ಇಲ್ಲ. ಬಾಯಲ್ಲೇ ಅದ.” ಅವನು ಗೋಡೆ ನೋಡಿಕೊಂಡು ಹೇಳಿದ. “‘ಅಂದು ಕಡವಿನಲ್ಲಿ ಅನೇಕರು ಮಡಿದರು, ದೋಣಿಯ ಮುದುಕಿಯೂ ಅವರಲ್ಲೊಬ್ಬಳು.’”

“ಆಮೇಲ?”

“ಆಮೇಲ ಕುದ್ರ.”

“ಯಾವ್ ಕುದ್ರ?”

ಅಷ್ಟು ಹೊತ್ತು ಮಗ್ಗದ ಹಿಂದೆ ಹೊಸ ಹಾಸಿನ ಸುರುಳಿ ಹಿಡಿದು ಸುಮ್ಮನೆ ಕೂತಿದ್ದ ಪುಟ್ಟಮಲ್ಲಪ್ಪ ತಲೆ ಎತ್ತಿದ. ಇಡೀ ಮಾಲಿಕೆಯಲ್ಲಿ ಅವನಿಗೆ ಬೇಕಾಗಿದ್ದದ್ದು ಅದೊಂದೇ. “ರಾಜುನ್ ಬಿಳೀ ಕುದ್ರಯಾ? ಅದೂ ಅದೇ ದಿವ್ಸ ಅಲ್ವಾ ಸತ್ತುದ್ದು? ಎಂಥಾ ಕುದ್ರ! ಕಣ್ಣೀರ್ ಬಂದ್ಬುಡ್ತು ಕಣ್ಲಾ ನಂಗ ಅವತ್ತು.”

“ಬರ್ದೇ ಏನಣ್ಣ. ಕುದ್ರಗ ಎರಡು ಪುಟ ಕೊಟ್ಟವ್ನ. ಅದರ ಕಣ್ಣು, ಅದರ ಜೂಲು, ಅದು ಮರಿಯಾಗಿದ್ದಾಗ ಯಾವ್ ಹುಲ್ಲು ತಿಂತಿತ್ತು, ಸಾಯ್ವಾಗ ಯಾವ್ ದಿಕ್ಕ ನೋಡ್ತು.”

“ಕುದ್ರಗ ಎರಡು ಪುಟ,” ಎಂದಳು ಪುಟ್ಟಬಸಮ್ಮ. “ಅವ್ಳ್ಗ?”

“ಯೋಳ್ದ್ನಲ್ಲ. ಅರ್ಧ ಸಾಲು.”

ಹರ್ಷವರ್ಧನ ಮುಂದೆ ಬಾಗಿದರು. “ಹಾಗಲ್ಲಮ್ಮ, ಆ ಕುದುರೆ ಬರೀ ಕುದುರೆ ಅಲ್ಲ. ಅದೊಂದು ರೂಪಕ. ಇಡೀ ರಾಜ್ಯದ...”

“ಮೇಷ್ಟ್ರೆ, ನೀವು ಒಸಿ ಸುಮ್ಕಿರಿ.”

ಪುಟ್ಟಬಸಮ್ಮ ಬೆರಳನ್ನು ಬೂದಿಗೆ ತಾಗಿಸಿ, ನಿಂತಿದ್ದ ಎರಡು ಎಳೆಯನ್ನು ಹೊಸೆದು ಕೂಡಿಸಿದಳು. ಇನ್ನೊಂದು. ಇನ್ನೊಂದು. ಕೆಚ್ಚುವವರ ಕಿವಿ ಖಾಲಿ ಬಿಡಬಾರದು ಎಂಬುದು ಆ ಶೆಡ್ಡಿನ ಕಟ್ಟಳೆ, ಆದರೆ ಈಗ ಏನು ಹೇಳಿದರೂ ಅದು ತನ್ನನ್ನು ತಾನು ಉಳಿಸಿಕೊಳ್ಳುವ ಮಾತಾಗುತ್ತದೆ ಎಂದು ರುದ್ರಸ್ವಾಮಿ ಬಾಯಿ ಕಟ್ಟಿ ನಿಂತ. ಅವಳು ಇನ್ನು ಯಾವತ್ತೂ ‘ಓದು’ ಎನ್ನದಿದ್ದರೆ? ಪುಸ್ತಕ ಮುಗಿದದ್ದಕ್ಕೆ ಬಸ್ಸಿನಲ್ಲಿ ಆದ ಸಂಕಟ ಇದರ ಮುಂದೆ ಏನೂ ಅಲ್ಲ ಎನ್ನಿಸಿತು. ಅಲ್ಲಿ ಮುಗಿದದ್ದು ಬರೆದವನ ಕಥೆ. ಅವನಿಗೆ ಆ ಕಥೆ ಬೇಕಾಗಿದ್ದದ್ದು ಈ ನಾಲ್ಕು ಗೋಡೆಯ ನಡುವೆ, ಬೂದಿಯ ವಾಸನೆಯಲ್ಲಿ, ಈ ಮುದುಕಿಯ ‘ಆಮೇಲ?’ಗೆ. ಎಷ್ಟೋ ಎಳೆ ಆದ ಮೇಲೆ ಅವಳೇ ಬಾಯಿ ಬಿಟ್ಟಳು.

“ಎಳ ತಪ್ದಾಗ್ಲೇ ಯೋಳ್ಬೇಕು. ಆಸು ಪೂರ್ತಿ ನೇಯ್ದ್ಮೇಲ ಯೋಳದಲ್ಲ.”

“ತಪ್ಪಾಯ್ತು ಕಣವ್ವ.”

“ಆಯ್ತು. ಈಗ ಬಿಚ್ಚಕ್ಕಾದ್ದಾ? ಆಗಲ್ಲ. ಸೆರಗಿನ್ ಗಂಟ ನೇಯ್ಬೇಕು. ಮೊದ್ಲು ಪುಸ್ತಕದಲ್ಲಿ ಇರದ ಇದ್ದಂಗೇ ಓದು. ಒಂದಕ್ಷರ ನುಂಗ್ಬ್ಯಾಡ.”

ಅವನು ಗುಂಡಿಯ ಅಂಚಿನಲ್ಲಿ ಕೂತು ಓದಿದ. ನುಂಗಲಿಲ್ಲ. ಬಚ್ಚಲಮನೆ, ಮಚ್ಚೆ, ಹಳೆಯ ದಾದಿಯ ಚೀತ್ಕಾರ, ರಾಣಿಯ ಉಂಗುರ, ಕಹಳೆ, ಆರ್ಮುಗನ ಮುಂದೆ ಅಲೆಯಲೆಯಾಗಿ ಬಾಗಿದ ಸಾವಿರ ತಲೆ, ಎಲ್ಲವನ್ನೂ ಬರೆದವನ ದನಿಯಲ್ಲೇ ಓದಿದ. ಎಷ್ಟು ಚೆನ್ನಾಗಿ ಬರೆದಿದ್ದ ಕಳ್ಳ! ಅದೂ ಸಿಟ್ಟೇ. ಕಹಳೆಯ ಸಾಲಿಗೆ ಬಂದಾಗ ಅವನ ರೋಮ ಎದ್ದು ನಿಂತಿತು, ಮನಸ್ಸಿಗೆ ಬೇಡವಾದದ್ದಕ್ಕೆ ಮೈ ಕೈ ಮುಗಿಯಿತು. ಕೊನೆಯ ಸಾಲು ಓದಿ ಮುಗಿಸುವಾಗ ಪುಟ್ಟಬಸಮ್ಮನ ಮುಂದೆ ಬೆರಳೆಣಿಕೆಯ ಎಳೆಗಳು ಉಳಿದಿದ್ದವು.

“ಅಯ್ಯೋ, ನಮ್ ಆರ್ಮುಗ ದೊಡ್ಡೋರ್ ಮನೆಯಂವ್ನಾ?” ರತ್ನ ನಿಜವಾಗಿಯೇ ಸಪ್ಪಗಾದಳು.

“ಅಂಗಾರ ಇನ್ನು ಅಂವ ನಮ್ಮ ಮಾತಾಡ್ಸಲ್ಲ ಬುಡು,” ಎಂದಳು ಪುಟ್ಟಬಸಮ್ಮ. ಕೊನೆಯ ಎಳೆ ಹೊಸೆದು, ಕೈಯ ಬೂದಿ ಕೊಡವಿದಳು. 

“ಆಮೇಲ?” ಎಂದಳು.

ಹರ್ಷವರ್ಧನ ಕೈ ಚಾಚಿದರು. “ಆಮೇಲೇನಿಲ್ಲಮ್ಮ, ಮುಗೀತು. ಕೊಡು ರುದ್ರ.” ರುದ್ರಸ್ವಾಮಿ ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟ. ಕೊಟ್ಟ ಕೈ ಹಗುರಾಯಿತು. ಇಷ್ಟೊಂದು ಹಗುರಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

“ನೀವು ಪುಸ್ತಕ ಕೊಟ್ರಿ ಸಾ, ಅದ ಮರಿಯಲ್ಲ. ಭಾನುವಾರ ಮಾತ್ರ ನಾನ್ ಬರಲ್ಲ. ಆ ಫೋಟೋನೂ ತೆಗ್ದಾಕಿ.”

“ಯಾಕೋ? ನಿನ್ನ ಬಗ್ಗೆ ಒಳ್ಳೇದೇ ಬರೆದಿದೀನಲ್ಲ.”

“ನನ್ ಕೇಳ್ದೆ ಬರ್ದಿದ್ದೀರಿ. ನಾನೂ ಇವ್ರಿಗ ಅದನ್ನೇ ಮಾಡ್ದಿ, ಈಗ ಬೈಸ್ಕಂಡಿ. ನಿಮ್ ಬಳಗದೋರ್ಗ ಕೊನೆ ಬೇಕಾದ್ರ ಇಲ್ಲಿಗೇ ಬರಕ್ಕ ಯೋಳಿ. ಕೆಚ್ಚೋ ದಿನ ಬರ್ಲಿ. ಇಲ್ಲಿ ಇನ್ನೂ ಮುಗ್ದಿಲ್ಲ.”

“ಮುಗಿದಿಲ್ಲ ಅಂದ್ರೆ? ಪುಸ್ತಕದಲ್ಲಿ ಇಲ್ಲವಲ್ಲೋ.”

ಎಲ್ಲಪ್ಪಾ ಇದೆ ಇದು, ತೋರಿಸು, ಯಾವ ಪುಟ. ಆವತ್ತು ಬೆಂಚಿನ ಮೇಲೆ ಪುಸ್ತಕ ಇಟ್ಟು ಎದ್ದಿದ್ದ, ಇವತ್ತು ಇಳಿದ. ಮಗ್ಗದ ಗುಂಡಿಗೆ ಕಾಲು ಬಿಟ್ಟು ಕೂತ. “ಇಲ್ಲ ಸಾ, ಪುಸ್ತಕದಲ್ಲಿಲ್ಲ. ನಾನ್ ಯೋಳ್ತಿರದು,” ಎಂದ. ಅದು ಪುಟ್ಟಬಸಮ್ಮನಿಗೂ ಕೇಳಲೆಂದು ಇನ್ನೊಮ್ಮೆ ಹೇಳಿದ. “ಇದು ಪುಸ್ತಕದಲ್ಲಿಲ್ಲ ಕಣವ್ವ. ಇದು ನಂದು.”

“ತಿಳೀತು. ಯೋಳು.”

ಕೂಡಿಸಿದ ಎಳೆಗಳನ್ನು ಅಚ್ಚಿನ ಮೂಲಕ ಮುಂದಕ್ಕೆ ಎಳೆದುಕೊಳ್ಳುವ ಹೊತ್ತು ಅದು. ಹೊಸೆದ ಜಾಗ ಪ್ರತಿಯೊಂದೂ ಸಂದಿನಲ್ಲಿ ತೂರಿ ಈಚೆ ಬರಬೇಕು. ಜೋರು ಮಾಡಿದರೆ ಕಡಿಯುತ್ತದೆ, ಸಡಿಲ ಬಿಟ್ಟರೆ ಸಿಕ್ಕಾಗುತ್ತದೆ. ಹಿಂದಿನಿಂದ ಪುಟ್ಟಮಲ್ಲಪ್ಪ ಸುರುಳಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸಡಿಲಿಸಿದ. ಮುಂದೆ ರುದ್ರಸ್ವಾಮಿ ಉಸಿರು ಬಿಗಿ ಹಿಡಿದು ಎಳೆದ. ರತ್ನ ಬಗ್ಗಿ ಸಂದುಗಳನ್ನೇ ನೋಡುತ್ತಿದ್ದಳು. ಹರ್ಷವರ್ಧನ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ತನಕ ಹೋದರು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿದವರು ಅಲ್ಲೇ ನಿಂತರು. ಎಳೆಗಳು ಒಂದರ ಪಕ್ಕ ಒಂದು, ಸರಿಯಾದದ್ದೂ ತಪ್ಪಿದ್ದೂ ಯಾವುದೆಂದು ಇನ್ನೂ ತಿಳಿಯದಂತೆ, ಈಚೆ ಬಂದವು.

“ಪಟ್ಟ ಕಟ್ಟೋ ದಿವ್ಸ,” ಎಂದ ರುದ್ರಸ್ವಾಮಿ, “ಕಹಳೆ ಊದಿ, ಸಾವ್ರ ಜನ ತಲೆ ಬಗ್ಸ್ಕಂಡ್ ನಿಂತವ್ರ. ಒಬ್ಬ್ಳು ಮಾತ್ರ ಬಗ್ಸಿಲ್ಲ. ಸೀರ ನೆನ್ದೋಗದ, ಕೈಲಿ ಹುಟ್ಟದ. ಚನ್ನಮಲ್ಲಮ್ಮ. ಕಾವ್ಲೋರು ಅಡ್ಡ ಬಂದ್ರ ಹುಟ್ಟಿಂದ್ಲೇ ತಳ್ಳಿ, ನೆಟ್ಟಗ ಸಿಂಹಾಸನದ್ ಮುಂದಕ್ಕ ಓದ್ಲು. ಆರ್ಮುಗುನ್ ಹೆಗುಲ್ ಮೇಲಿರೋ ಮಚ್ಚ ತೋರ್ಸುದ್ರು. ನೋಡುದ್ಲು. ಹುಟ್ಟು ಒತ್ತಿ ಒತ್ತಿ ಆದ ತರಚು ಕಣಯ್ಯಾ ಅದು ಅಂದ್ಲು. ಆಮೇಲ ಅಂವನ್ ಕಡ ತಿರುಗುದ್ಲು. ‘ಲೇ ಆರ್ಮುಗ, ಇಳೀಲಾ ಕೆಳಕ್ಕ. ಆ ದಡದಲ್ಲಿ ಜನ ಕಾಯ್ತಾ ನಿಂತವ್ರ.’”